26 ಲಕ್ಷ ಕೂಡಿದೆ, ಊರ ಶಾಲೆಗೆ ಎರಡು ಕೊಠಡಿ ಕಟ್ಟಬೇಕು. ಯಾವುದು ಮೊದಲು?

ಶೇಂಗಾ_ಹೊಲ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಹೆಸರು ಬೇಡ. ಊರೊಳಗಿನ ಪಾರ್ಟಿ ಜಗಳ ಇಲ್ಲಿಗೂ ಬರುವುದು ಬೇಡ ಅಂತ, ಅಷ್ಟೆ. ನಾವು ಓದಿದ ಸರ್ಕಾರಿ ಶಾಲೆಯಲ್ಲಿ ಮಂಗಳೂರು ಹೆಂಚಿನ ಎರಡು ಹಳೇ ಕೊಠಡಿಗಳಿವೆ. ತೊಲೆಗೆ ಗೆದ್ದಲು ಹಿಡಿದು ಎರಡು ವರ್ಷದಿಂದ ಮಕ್ಕಳನ್ನು ಒಳಗೆ ಕೂರಿಸುತ್ತಿಲ್ಲ. ಕೆಡವಲು ಈಗ ಒಪ್ಪಿಗೆ ಸಿಕ್ಕಿದೆ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ 26 ಲಕ್ಷ ಕೂಡಿಸಿದ್ದೇವೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಕೊಟ್ಟಿದ್ದಾರೆ, ಶೇಂಗಾ ಮಾರಿದ ದುಡ್ಡಲ್ಲಿ ಐದು ಸಾವಿರ ತೆಗೆದುಕೊಟ್ಟವರೂ ಇದ್ದಾರೆ. ಒಂದು ರೂಪಾಯಿ ಹಾಳಾದರೂ ಊರಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಕಂಟ್ರಾಕ್ಟರ್ ಒಬ್ಬರು ಮೊಬೈಲಲ್ಲಿ ಬಣ್ಣದ ಚಿತ್ರ ತೋರಿಸಿದರು. ಮುಂದೆಲ್ಲ ಗಾಜು, ಮೇಲೆ ಬಣ್ಣದ ಶೀಟು, ಒಳಗೆ ಎರಡು ಸ್ಮಾರ್ಟ್ ಬೋರ್ಡ್. ಕಾರ್ ಶೋರೂಂ ಥರ ಇತ್ತು. ಎಲ್ಲರೂ ಆಹಾ ಅಂದರು. ನಾನೂ ಅಂದೆ.

ಆಮೇಲೆ ಕಳೆದ ಬುಧವಾರ ಮಧ್ಯಾಹ್ನ ಎರಡೂವರೆಗೆ ಶಾಲೆಗೆ ಹೋಗಿದ್ದೆ. ಈಗಿರುವ ತಾರಸಿ ಕೊಠಡಿಯಲ್ಲಿ ಪಾಠ ನಡೀತಿತ್ತು. ಸುಮ್ನೆ ಹಿಂದೆ ಹೋಗಿ ಮಕ್ಕಳ ಜೊತೆ ನೆಲದ ಮೇಲೆ ಕೂತೆ. ಕಿಟಕಿಯಲ್ಲಿ ಆಕಾಶ ಬಿಟ್ಟರೆ ಏನೂ ಕಾಣಲ್ಲ, ಅಷ್ಟು ಎತ್ತರಕ್ಕಿದೆ. ಫ್ಯಾನ್ ತಾರಸಿಯ ಕಾವನ್ನೇ ಕೆಳಗೆ ತಳ್ಳುತ್ತಿತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲಿನ ಪಟ್ಟೆ ಬೋರ್ಡಿನ ಅರ್ಧಕ್ಕೆ ಬಿದ್ದಿತ್ತು. ನನ್ನ ಪಕ್ಕದ ಹುಡುಗಿ ಬೋರ್ಡ್ ಕಾಣಲಿ ಅಂತ ಹತ್ತು ನಿಮಿಷದಲ್ಲಿ ಮೂರು ಸಲ ಜಾಗ ಬದಲಿಸಿದಳು. ಯಾರೂ ಬೈಯಲಿಲ್ಲ. ಅವಳಿಗದು ಅಭ್ಯಾಸ ಆಗಿಹೋಗಿದೆ. ಟೀಚರ್ ಮಾತಾಡಿದ್ದು ಗೋಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಕಾಲು ಗಂಟೆಗೆ ನನ್ನ ಅಂಗಿ ಬೆನ್ನಿಗೆ ಅಂಟಿತು.

ಆ ಕೊಠಡಿ ಕಟ್ಟಿ ಹತ್ತು ವರ್ಷ ಆಗಿರಬಹುದು. ಹೊಸದೇ. ನಾವೂ ಇಂಥದ್ದೇ ಇನ್ನೆರಡು ಕಟ್ಟಿಬಿಡುತ್ತೇವಾ ಅಂತ ಭಯ ಶುರುವಾಗಿದೆ. ಲೆಕ್ಕ ಇಷ್ಟು: ಒಂದೊಂದು ಕೊಠಡಿ 24 ಅಡಿ ಉದ್ದ, 20 ಅಡಿ ಅಗಲ. ಮುಂದೆ 8 ಅಡಿ ವರಾಂಡ. ಶಾಲೆಯಲ್ಲಿ 90 ಮಕ್ಕಳು. ತಿಳಿದವರು ಹೇಳಿ.

ಕೋಟೆ_ಕಾಯೋನು:
ಗಾಜಿನ ಮುಂಭಾಗ, ಅದೂ ಚಳ್ಳಕೆರೆಯಲ್ಲಿ! ಮಧ್ಯಾಹ್ನ ಮಕ್ಕಳಿಗೆ ಪಾಠದ ಜೊತೆ ಹುರಿದ ಶೇಂಗಾನೂ ಸಿಗುತ್ತೆ, ತಟ್ಟೆ ಇಟ್ಟರೆ ಸಾಕು.

2022ರಲ್ಲಿ ಸರ್ಕಾರಿ ಶಾಲೆಗಳ ವಿವೇಕ ಯೋಜನೆ ಕೊಠಡಿಗಳಿಗೆ ಯಾವ ಬಣ್ಣ ಬಳಿಯಬೇಕು ಅಂತ ಇಡೀ ರಾಜ್ಯ ಜಗಳ ಆಡಿತು. ಕಿಟಕಿ ಎಷ್ಟು ದೊಡ್ಡದು, ಯಾವ ಕಡೆಗೆ ಅಂತ ಯಾರಾದರೂ ಕೇಳಿದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ರಿಟೈರ್ಡ್_ಎಂಜಿನಿಯರ್:
ಶೇಂಗಾ ಅವರೇ, ನೆಲದ ಮೇಲೆ ಕೂತು ನೋಡಿದಿರಲ್ಲ, ಒಳ್ಳೇ ಕೆಲಸ. ನಾನು ಮೂವತ್ತು ವರ್ಷ ಎಸ್ಟಿಮೇಟ್ ಬರೆದೆ, ಒಂದು ಸಲವೂ ಹಾಗೆ ಕೂತು ನೋಡಲಿಲ್ಲ.

ಮೊದಲು ದಿಕ್ಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಕಟ್ಟಡದ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ. ಎರಡು ಕೊಠಡಿ ಸಾಲಾಗಿ ಬಂದರೆ 48 ಅಡಿ ಉದ್ದ. ವರಾಂಡ ದಕ್ಷಿಣಕ್ಕೆ. ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ ಎದುರುಬದುರು. ಪಶ್ಚಿಮದ ಗೋಡೆಗೆ ಒಂದೂ ಕಿಟಕಿ ಬೇಡ.

ಯಾಕೆ ಅಂದರೆ, ಚಿತ್ರದುರ್ಗ ಜಿಲ್ಲೆ ಇರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಸೂರ್ಯ ನಮ್ಮ ನೆತ್ತಿ ಮೇಲೆ ಬರುವುದು ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಇನ್ನೊಮ್ಮೆ. ಡಿಸೆಂಬರ್‌ನಲ್ಲಿ ಪೂರ್ತಿ ದಕ್ಷಿಣಕ್ಕೆ ವಾಲಿದಾಗಲೂ ಮಧ್ಯಾಹ್ನ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದರೆ ಎರಡಡಿ ಸಜ್ಜಾ ಹಾಕಿದರೆ ಎರಡೂವರೆ ಅಡಿ ನೆರಳು ಕೆಳಗೆ ಬೀಳುತ್ತದೆ. 8 ಅಡಿ ವರಾಂಡ ಇದ್ದರೆ ದಕ್ಷಿಣದ ಚಿಂತೆಯೇ ಇಲ್ಲ. ಆದರೆ ಸಂಜೆ ನಾಲ್ಕರ ಪಶ್ಚಿಮದ ಬಿಸಿಲು ಸಜ್ಜಾದ ಕೆಳಗೆ ಅಡ್ಡಡ್ಡ ನುಗ್ಗುತ್ತದೆ. ಅದನ್ನು ತಡೆಯೋದು ಗೋಡೆ, ಇಲ್ಲವೇ ಮರ. ಆ ಕಡೆ ನಾಲ್ಕು ಹೊಂಗೆ ನೆಡಿ. ಹೊಂಗೆ ಎಲೆ ಉದುರಿಸಿದರೂ ಯುಗಾದಿ ಹೊತ್ತಿಗೆ ಮತ್ತೆ ಹಸಿರಾಗಿರುತ್ತದೆ. ನಮ್ಮ ಕಡೆ ಬಿಸಿಲು ಏರುವುದೂ ಅದೇ ಹೊತ್ತಿಗೆ.

ಬೋರ್ಡು ಪೂರ್ವದ ಗೋಡೆಗೆ. ಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂತರೆ ಉತ್ತರ ಎಡಗಡೆ ಬರುತ್ತದೆ. ಉತ್ತರದ ಬೆಳಕು ದಿನವಿಡೀ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬರೆಯುವ ಕೈಯ ನೆರಳು ಪುಸ್ತಕದ ಮೇಲೆ ಬೀಳಲ್ಲ.

ಕಿಟಕಿ ಎಷ್ಟು ಅಂದರೆ, ಒಣ ಸೆಕೆಯ ಸೀಮೆಗೆ ನೆಲದ ಹತ್ತನೇ ಒಂದು ಪಾಲಾದರೂ ಇರಲಿ ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. 480 ಚದರ ಅಡಿ ಕೊಠಡಿಗೆ 48 ಚದರ ಅಡಿ. ನಾಲ್ಕಡಿ ಅಗಲ ಮೂರಡಿ ಎತ್ತರದ ನಾಲ್ಕು ಕಿಟಕಿ. ಇದು ಕನಿಷ್ಠ. ನಾನಾಗಿದ್ದರೆ ಆರು ಇಡುತ್ತೇನೆ.

ಎಡಚ:
ಎಡಗೈಯಲ್ಲಿ ಬರೆಯೋ ಮಕ್ಕಳ ಕಥೆ ಏನ್ ಸಾರ್? ಒಂದನೇ ಕ್ಲಾಸಿಂದ ನನ್ನ ನೆರಳಲ್ಲೇ ಬರೆದು ದೊಡ್ಡವನಾಗಿದ್ದೀನಿ.

ರಿಟೈರ್ಡ್_ಎಂಜಿನಿಯರ್:
ನಿಮ್ಮನ್ನು ಬಲತುದಿಗೆ, ದಕ್ಷಿಣದ ಕಿಟಕಿ ಪಕ್ಕ ಕೂರಿಸುತ್ತೇವೆ. ವರಾಂಡದಲ್ಲಿ ಓಡಾಡೋರನ್ನು ನೋಡಿಕೊಂಡೂ ಕೂರಬಹುದು.

ಗಾರೆ_ಮೇಸ್ತ್ರಿ:
ನಾನು ಹೊಳಲ್ಕೆರೆ ಕಡೆಯವನು. ಗಾರೆ ಕೆಲಸ ಶುರು ಮಾಡಿ 22 ವರ್ಷ. ಶೇಂಗಾ ಅಣ್ಣ, ಹಳೇ ಹೆಂಚು ಏನು ಮಾಡ್ತೀರಿ? ಮಾರಬೇಡಿ.

ಶೀಟ್ ಹಾಕಿದರೆ ಬಿಸಿಲಲ್ಲಿ ಬೇಯುತ್ತೆ, ಮಳೆಯಲ್ಲಿ ಪಾಠ ಕೇಳಲ್ಲ. ಬರೀ ತಾರಸಿ ಹಾಕಿದರೆ ಹಗಲೆಲ್ಲ ಕಾವು ಕುಡಿದು ಮಧ್ಯಾಹ್ನದ ಮೇಲೆ ಒಳಗೆ ಬಿಡುತ್ತೆ. ನಮ್ಮ ಸೀಮೆಯ ಮಾಳಿಗೆ ಮನೆಗಳಲ್ಲಿ ಮೇಲೆ ದಪ್ಪ ಮಣ್ಣು ಹಾಕುತ್ತಿದ್ದರು. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಹೋದರೆ ಹಾಯ್ ಅನ್ನಿಸುತ್ತಿತ್ತು. ಅದನ್ನು ಈಗ ಮಾಡೋಕೆ ಆಗಲ್ಲ. ತೊಲೆಗೆ ಮರ ಇಲ್ಲ, ಪ್ರತಿ ವರ್ಷ ಮೇಲೆ ಹತ್ತಿ ಮಣ್ಣು ಮೆತ್ತೋರೂ ಇಲ್ಲ.

ಆದರೆ ಹೆಂಚು ಒಳಗಿಟ್ಟು ಮೋಲ್ಡ್ ಹಾಕಬಹುದು. ಸೆಂಟ್ರಿಂಗ್ ಹಲಗೆ ಮೇಲೆ ಎರಡು ಹೆಂಚು ಒಂದರ ಮೇಲೊಂದು ಮುಚ್ಚಿದ ಹಾಗೆ ಇಡಬೇಕು. ನಡುವೆ ಗಾಳಿ ಉಳಿಯುತ್ತೆ. ಜೋಡಿ ಜೋಡಿ ಹೆಂಚಿನ ಸುತ್ತ ನಾಲ್ಕು ಇಂಚು ಜಾಗ ಬಿಟ್ಟು ಅಲ್ಲಿ ಕಂಬಿ ಓಡಿಸಬೇಕು. ಮೇಲೆ ಕಾಂಕ್ರೀಟ್. ಸೆಂಟ್ರಿಂಗ್ ಬಿಚ್ಚಿದ ಮೇಲೆ ಕೆಳಗಿಂದ ನೋಡಿದರೆ ಕೆಂಪು ಹೆಂಚು ಚೌಕ ಚೌಕವಾಗಿ ಕಾಣುತ್ತೆ. ಗಿಲಾವು ಬೇಡ, ಬಣ್ಣ ಬೇಡ. ಕಾಂಕ್ರೀಟೂ ಉಳಿಯುತ್ತೆ.

ಒಂದೇ ಮಾತು. ಹೆಂಚು ನೆನೆ ಹಾಕಿ ಇಡಬೇಕು. ಒಣ ಹೆಂಚು ಕಾಂಕ್ರೀಟಿನ ನೀರನ್ನೆಲ್ಲ ಕುಡಿದುಬಿಡುತ್ತೆ, ಆಮೇಲೆ ತಾರಸಿ ಬಿರುಕು.

ದಾವಣಗೆರೆ_ಮಂಡಕ್ಕಿ:
ತಾರಸಿ ಒಳಗೆ ಟೊಳ್ಳು ಬಿಟ್ಟು ಕೆಳಗೆ 90 ಮಕ್ಕಳನ್ನು ಕೂರಿಸೋದಾ? ಏನ್ ಮೇಸ್ತ್ರಿ, ತಮಾಷೆನಾ?

ರಿಟೈರ್ಡ್_ಎಂಜಿನಿಯರ್:
ಮೇಸ್ತ್ರಿ ಹೇಳಿದ್ದು ಸರಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದೇ ರೀತಿ ಎಷ್ಟೋ ಕಟ್ಟಡ ಕಟ್ಟಿದರು. ತಾರಸಿ ಮೇಲೆ ಭಾರ ಬಿದ್ದಾಗ ಅದರ ಮೇಲಿನ ಪದರ ಒತ್ತಿಕೊಳ್ಳುತ್ತದೆ, ಕೆಳಗಿನ ಪದರ ಹಿಗ್ಗುತ್ತದೆ. ಒತ್ತೋದನ್ನು ಕಾಂಕ್ರೀಟ್ ತಡೆಯುತ್ತದೆ. ಹಿಗ್ಗೋದನ್ನು ತಡೆಯುವುದು ಕಂಬಿ. ಕೆಳಗಿನ ಅರ್ಧದ ಕಾಂಕ್ರೀಟಿಗೆ ಕಂಬಿಯನ್ನು ಹಿಡಿದುಕೊಳ್ಳೋದು ಬಿಟ್ಟರೆ ಜಾಸ್ತಿ ಕೆಲಸವಿಲ್ಲ. ಅಲ್ಲಿ ಹೆಂಚು ಕೂರಿಸುತ್ತೇವೆ.

ಆದರೆ 20 ಅಡಿ ಅಗಲಕ್ಕೆ ನಡುವೆ ಬೀಮ್ ಬೇಕೇ ಬೇಕು. ಕಂಬಿಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಹಾಕಿ ಸಹಿ ಮಾಡಬೇಕು. ಮೇಸ್ತ್ರಿ ಎಷ್ಟೇ ಅನುಭವಸ್ಥರಾದರೂ ಅಂದಾಜಿನ ಮೇಲೆ ಶಾಲೆ ಕಟ್ಟಬಾರದು. ಮೇಲ್ಗಡೆ ವರ್ಷಕ್ಕೊಮ್ಮೆ ಎರಡು ಕೋಟು ಸುಣ್ಣ ಹೊಡೆಯಿರಿ. ಬಿಳಿ ತಾರಸಿ ಬಿಸಿಲನ್ನು ವಾಪಸ್ ಕಳಿಸುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಕಾವು ಇಳಿಸುವ ದಾರಿ ಬೇರೆ ಇಲ್ಲ.

ನಲಿಕಲಿ_ಟೀಚರ್:
ಒಳಗಿನ ವಿಷಯ ನಾನು ಹೇಳಲೇ? ಜಗಳೂರು ಕಡೆ ಒಂದರಿಂದ ಮೂರನೇ ತರಗತಿ ತಗೋತೀನಿ.

ಚಿಕ್ಕವರಿಗೆ ಆಡಿಸುತ್ತಾ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ಕೂರಲ್ಲ. ಐದಾರು ಮಕ್ಕಳ ಗುಂಪು, ಗುಂಪಿಗೊಂದು ಚಾಪೆ ಅಥವಾ ಗುಂಡು ಮೇಜು. ಹಾಗಾಗಿ ಎಂಜಿನಿಯರ್ ಸಾರ್ ಹೇಳಿದ ಪೂರ್ವ ದಿಕ್ಕಿನ ಬೋರ್ಡು ನಾಲ್ಕನೇ ತರಗತಿಯಿಂದ ಮೇಲಕ್ಕೆ ಸರಿ. ಚಿಕ್ಕವರ ಕೊಠಡಿಗೆ ಮುಂದೆ ಹಿಂದೆ ಅಂತಲೇ ಇಲ್ಲ. ಅಲ್ಲಿ ಬೇಕಾಗಿರುವುದು ಸುತ್ತ ಗೋಡೆಯ ಕೆಳಭಾಗಕ್ಕೆ ಕಪ್ಪುಹಲಗೆ. ನೆಲದಿಂದ ಒಂದಡಿ ಬಿಟ್ಟು ಶುರುವಾಗಿ ಮೂರು ಮೂರೂವರೆ ಅಡಿ ಎತ್ತರಕ್ಕೆ ನಿಲ್ಲಲಿ. ಒಂದೊಂದು ಮಗುವಿಗೆ ಒಂದೊಂದು ಚೌಕ, ಮೇಲೆ ಹೆಸರು. ನಮ್ಮಲ್ಲಿ ಒಬ್ಬ ಹುಡುಗ ಶಾಲೆಗೆ ಬಂದ ಕೂಡಲೇ ಬ್ಯಾಗ್ ಕೂಡ ಇಳಿಸದೆ ಅವನ ಚೌಕದಲ್ಲಿ ಒಂದು ಟ್ರ್ಯಾಕ್ಟರ್ ಬರೆಯುತ್ತಾನೆ. ದಿನಾ ಅದೇ ಟ್ರ್ಯಾಕ್ಟರ್. ಈಚೆಗೆ ಅದಕ್ಕೆ ಟ್ರೈಲರ್ ಸೇರಿದೆ.

ಕಿಟಕಿಯ ಕೆಳಗಿನ ಅಂಚು ಎರಡಡಿಗೆ ಇರಲಿ, ಮೂರಡಿ ಬೇಡ. ಅಲ್ಲಿ ಒಂದು ಕಡಪ ಕಲ್ಲು ಅಗಲವಾಗಿ ಕೂರಿಸಿದರೆ ಪುಸ್ತಕ ಇಡೋಕೂ ಆಯಿತು, ಕೂರೋಕೂ ಆಯಿತು. ಮಕ್ಕಳು ಮಾಡಿದ್ದನ್ನು ತಲೆ ಮೇಲೆ ತೂಗುಹಾಕೋ ಚಪ್ಪರಕ್ಕೆ ದಾರ ಕಟ್ಟೋಕೆ ಗೋಡೆಯಲ್ಲಿ ಕೊಕ್ಕೆ ಮೊದಲೇ ಹಾಕಿಸಿ. ಆಮೇಲೆ ನಾವು ಮೊಳೆ ಹೊಡೆದು ಗೋಡೆ ಹಾಳು ಮಾಡಿದೆವು ಅನ್ನಿಸಿಕೊಳ್ಳೋದು ಬೇಡ.

ಗೋಡೆಯಲ್ಲಿ ಗೂಡು ಬಿಡಿಸಿ, ಹಳೇ ಮನೆಗಳಲ್ಲಿ ಇರುತ್ತಿತ್ತಲ್ಲ ಹಾಗೆ. ಕಬ್ಬಿಣದ ಬೀರು ಬೇಡ. ಬೀರುವಿಗೆ ಬೀಗ ಇರುತ್ತೆ. ಬೀಗ ಇದ್ದ ಕಡೆ ಪುಸ್ತಕ ಒಳಗೇ ಇರುತ್ತೆ.

ಬಿಎಸ್ಸಿ_ಎರಡನೇ_ವರ್ಷ:
ಟೀಚರ್ ಬೀಗದ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ.

ನಾನು ಓದಿದ ಹೈಸ್ಕೂಲಲ್ಲಿ ಹುಡುಗಿಯರಿಗೆ ಟೈಲ್ಸ್ ಹಾಕಿದ ಹೊಸ ಶೌಚಾಲಯ ಇತ್ತು. ಅದಕ್ಕೆ ಬೀಗ. ಬೀಗದ ಕೈ ಆಫೀಸಿನ ಟೇಬಲ್ ಡ್ರಾಯರಲ್ಲಿ. ಅಲ್ಲಿ ಯಾವಾಗಲೂ ಇಬ್ಬರು ಮೂವರು ಮೇಷ್ಟ್ರುಗಳು ಕೂತಿರುತ್ತಿದ್ದರು. ಅವರ ಮುಂದೆ ಹೋಗಿ ಕೇಳಬೇಕು. ಎಂಟನೇ ಕ್ಲಾಸಿಂದ ಹತ್ತನೇ ಕ್ಲಾಸಿನವರೆಗೆ ಬೆಳಿಗ್ಗೆ ಮನೆ ಬಿಟ್ಟ ಮೇಲೆ ನಾನು ನೀರು ಕುಡಿದದ್ದೇ ಕಡಿಮೆ. ಕುಡಿದರೆ ತಾನೆ ಹೋಗಬೇಕಾಗೋದು. ತಿಂಗಳಲ್ಲಿ ಎರಡು ದಿನ ಶಾಲೆಗೇ ಹೋಗುತ್ತಿರಲಿಲ್ಲ. ಅಮ್ಮ ಹೊಟ್ಟೆನೋವು ಅಂತ ಚೀಟಿ ಬರೆದುಕೊಡುತ್ತಿದ್ದರು.

ಎಂಜಿನಿಯರ್ ಸಾರ್, ಎಸ್ಟಿಮೇಟಲ್ಲಿ ಇವು ಬರುತ್ತವಾ ಗೊತ್ತಿಲ್ಲ, ಬರೆದುಕೊಳ್ಳಿ. ಬಾಗಿಲಿಗೆ ಹೊರಗಿನ ಬೀಗಕ್ಕಿಂತ ಒಳಗಿನ ಚಿಲಕ ಮುಖ್ಯ. ಅದು ಎಂಟು ವರ್ಷದ ಹುಡುಗಿಯ ಕೈಗೆ ಎಟುಕಬೇಕು. ಒಳಗೆ ಬಟ್ಟೆ, ಬ್ಯಾಗ್ ನೇತುಹಾಕೋಕೆ ಒಂದು ಕೊಕ್ಕೆ. ಮುಚ್ಚಳ ಇರುವ ಡಬ್ಬಿ, ಅದನ್ನು ಯಾರು ಖಾಲಿ ಮಾಡುತ್ತಾರೆ ಅನ್ನೋದು ಮೊದಲೇ ತೀರ್ಮಾನ ಆಗಿರಲಿ. ನಲ್ಲಿ ಒಳಗೇ ಇರಲಿ. ಬಾಗಿಲು ಹುಡುಗರು ಆಡುವ ಮೈದಾನದ ಕಡೆ ತೆರೆಯಬಾರದು. ಅದರ ಮುಂದೆ ಒಂದು ಅಡ್ಡಗೋಡೆ ಇದ್ದರೂ ಸಾಕು.

ಟ್ರೈಸಿಕಲ್_ಅಪ್ಪ:
ಈ ಹುಡುಗಿ ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ನಾವೂ ಹಾಗೇ ಇದ್ವಿ ಅಂದಳು. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಪ್ರಭಾರ_ಮುಖ್ಯಶಿಕ್ಷಕ:
ಬೈಗುಳ ಬೀಳುತ್ತೆ ಅಂತ ಗೊತ್ತಿದ್ದೂ ಬರೆಯುತ್ತೇನೆ. ಬೀಗ ಹಾಕುವವನು ನಾನೇ. ಬೇರೆ ಶಾಲೆ, ಆದರೆ ಕಥೆ ಒಂದೇ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಸೋಮವಾರ ಬೆಳಿಗ್ಗೆ ಬಂದರೆ ವರಾಂಡದಲ್ಲಿ ಬಾಟಲಿ, ಇಸ್ಪೀಟು ಎಲೆ, ಬೀಡಿ ತುಂಡು. ಹಿತ್ತಾಳೆ ನಲ್ಲಿ ಮೂರು ಸಲ ಹಾಕಿಸಿದೆ, ಮೂರು ಸಲವೂ ಕಿತ್ತುಕೊಂಡು ಹೋದರು. ಶೌಚಾಲಯದ ಬೇಸಿನ್‌ಗೆ ಕಲ್ಲು ಎತ್ತಿಹಾಕಿದ್ದರು. ಶುಚಿ ಮಾಡೋಕೆ ನಮಗೆ ಖಾಯಂ ಆಳಿಲ್ಲ. ಹಾಳಾದರೆ ರಿಪೇರಿಗೆ ಅರ್ಜಿ ಬರೆದು ಕಾಯಬೇಕು. ಬೀಗ ಹಾಕಿದರೆ ಕಟ್ಟಡವಾದರೂ ಉಳಿಯುತ್ತೆ ಅಂದುಕೊಂಡು ಹಾಕಿದೆ. ಈ ಹುಡುಗಿ ಬರೆದದ್ದು ಓದಿದ ಮೇಲೆ ಅದನ್ನು ಯಾರಿಗಾಗಿ ಉಳಿಸುತ್ತಿದ್ದೇನೆ ಅಂತ ನನಗೇ ಗೊತ್ತಾಗುತ್ತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ಶಾಲೆಗೆ ಏನೇನು ಇರಲೇಬೇಕು ಅಂತ. ಶಿಕ್ಷಕರಿಗೊಂದರಂತೆ ಕೊಠಡಿ, ಅಡೆತಡೆಯಿಲ್ಲದ ದಾರಿ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಬಯಲು, ಕಾಂಪೌಂಡ್. ನಮ್ಮಲ್ಲಿ ಪಟ್ಟಿಯ ಪ್ರಕಾರ ಎಲ್ಲಾ ಇದೆ. ಇದೆ ಅಂತ ಪ್ರತಿ ವರ್ಷ ಟಿಕ್ ಹಾಕಿ ಕಳಿಸುತ್ತೇನೆ. ಮಕ್ಕಳಿಗೆ ತೆರೆದಿರುತ್ತಾ ಅಂತ ಕೇಳುವ ಕಾಲಂ ಆ ಫಾರಂನಲ್ಲಿಲ್ಲ.

ನನ್ನ ಸಲಹೆ ಇಷ್ಟೇ. ಶೇಂಗಾ ಅವರೇ, ಯಾವುದೇ ಸಾಮಾನು ತರುವ ಮುಂಚೆ ಇದಕ್ಕೆ ಬೀಗ ಬೇಕಾ ಅಂತ ಕೇಳಿಕೊಳ್ಳಿ. ಬೇಕು ಅಂದರೆ ಬೀಗದ ಕೈ ಯಾರ ಹತ್ತಿರ ಅಂತ ಅಂದೇ ಬರೆದಿಡಿ. ಕಡಪ ಕಲ್ಲಿನ ಬೆಂಚು, ಗೋಡೆಯ ಕಪ್ಪುಹಲಗೆ, ಗೂಡು, ಹೊಂಗೆ ಮರ, ಇವಕ್ಕೆ ಯಾವುದಕ್ಕೂ ಬೀಗ ಬೇಡ. ಇನ್ನು ಹಿತ್ತಾಳೆ ನಲ್ಲಿ ಹಾಕಬೇಡಿ. ಪ್ಲಾಸ್ಟಿಕ್ ನಲ್ಲಿ ಕಿತ್ತರೆ ಗುಜರಿಯವನೂ ತಗೊಳ್ಳಲ್ಲ.

ಕೋಟೆ_ಕಾಯೋನು:
ಮೇಷ್ಟ್ರೇ, ಬೈಯಲ್ಲ. ಧೈರ್ಯವಾಗಿ ಬರೆದಿರಿ.

ನೀರಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಜಿಲ್ಲೆಯ ಬೋರ್ ನೀರಲ್ಲಿ ಫ್ಲೋರೈಡ್ ಎಷ್ಟೋ ಕಡೆ ಮಿತಿಗಿಂತ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇದ್ದರೆ ಅನುಮಾನ ಪಡಬೇಕು. ಕಾಯಿಸಿ ಕುಡಿಯಿರಿ ಅನ್ನುವವರಿಗೆ ಒಂದು ಮಾತು. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತೆ.

ದುರ್ಗದ ಕೋಟೆ ನೋಡಿದ್ದೀರಲ್ಲ. ಬೆಟ್ಟದ ಮೇಲಿನ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ. ಶಾಲೆ ತಾರಸಿಗೆ ಅಷ್ಟು ದೊಡ್ಡ ಕೆಲಸ ಏನೂ ಬೇಡ. ಒಂದು ಪೈಪು, ಒಂದು ಸಂಪು. ಮಳೆ ನೀರಲ್ಲಿ ಫ್ಲೋರೈಡ್ ಕಾಟ ಇಲ್ಲ.

ದಾವಣಗೆರೆ_ಮಂಡಕ್ಕಿ:
ಚಳ್ಳಕೆರೆಗೆ ಮಳೆ ಬಂದರೆ ತಾನೆ?

ರಿಟೈರ್ಡ್_ಎಂಜಿನಿಯರ್:
ಲೆಕ್ಕ ಹಾಕೋಣ. ವರಾಂಡ ಸೇರಿ ತಾರಸಿ 48 ಅಡಿ ಉದ್ದ, 28 ಅಡಿ ಅಗಲ. ಸುಮಾರು 125 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಕೆಟ್ಟ ವರ್ಷ ಅಂತ ಬರೀ 400 ಮಿಲಿಮೀಟರ್ ಹಿಡಿದರೂ 50,000 ಲೀಟರ್ ಆಯಿತು. ಸೋರಿದ್ದು, ಚೆಲ್ಲಿದ್ದು ಕಳೆದು 40,000 ಸಿಗುತ್ತದೆ.

90 ಮಕ್ಕಳಿಗೆ ಶಾಲೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಕುಡಿಯೋಕೆ, 220 ದಿನ ಶಾಲೆ. ಸುಮಾರು 30,000 ಲೀಟರ್. ಕುಡಿಯೋಕಂತೂ ಸಾಕು. ಕೈ ತೊಳೆಯೋಕೆ, ಶೌಚಕ್ಕೆ ಬೋರ್ ನೀರು ನಡೆಯುತ್ತದೆ.

ನಮ್ಮ ಕಡೆ ಮಳೆಯೆಲ್ಲ ಹೆಚ್ಚಾಗಿ ಆಗಸ್ಟಿಂದ ಅಕ್ಟೋಬರ್. ನವೆಂಬರಿಂದ ಪರೀಕ್ಷೆ ಮುಗಿಯೋವರೆಗೆ ರಜೆ ಕಳೆದರೆ 110 ದಿನ. ಅಷ್ಟಕ್ಕೆ ಸುಮಾರು 15,000 ಲೀಟರ್ ಹಿಡಿಯುವ ಸಂಪು ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಐದೂವರೆ ಅಡಿ ಆಳ. ಸಂಪಿನ ಬಾಯಿಗೆ ಭಾರದ ಮುಚ್ಚಳ. ಅದಕ್ಕೆ ಮಾತ್ರ ಖಂಡಿತ ಬೀಗ ಹಾಕಿ, ಮೇಷ್ಟ್ರೇ. ಮಕ್ಕಳಿರುವ ಜಾಗ.

ಮೊದಲ ಮಳೆ ನೀರು ಒಳಗೆ ಬಿಡಬೇಡಿ. ತಾರಸಿ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಪೈಪಿಗೆ ಒಂದು ಕವಲು ಕೊಟ್ಟು ಬುಡಕ್ಕೆ ಮುಚ್ಚಳ ಹಾಕಿ. ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಬೇಕು. ಜಲ್ಲಿ, ಮರಳು, ಇದ್ದಿಲಿನ ಸೋಸುಗುಂಡಿ ತೊಳೆಯಬೇಕು. ಎಲ್ಲಾ ಮಾಡಿದ ಮೇಲೂ ಕುಡಿಯೋಕೆ ಮುಂಚೆ ನೀರು ಪರೀಕ್ಷೆ ಮಾಡಿಸಿ.

ವೈರ್_ಮತ್ತು_ಬಲ್ಬ್:
ದಾವಣಗೆರೆಯಲ್ಲಿ ಎಲೆಕ್ಟ್ರಿಕ್ ಅಂಗಡಿ ನನ್ನದು. ಎಲ್ಲರೂ ಸ್ಮಾರ್ಟ್ ಬೋರ್ಡಿಗೆ ಬೈಯೋ ಮೂಡಲ್ಲಿದ್ದೀರಿ. ನಾನು ಮಾರುವವನು, ಅದಕ್ಕೇ ಒಂದು ಮಾತು ಅದರ ಪರವಾಗಿ. ನನ್ನ ಮಗಳಿಗೆ ಹೃದಯದ ಪಾಠ ಪುಸ್ತಕದಲ್ಲಿ ಮೂರು ದಿನ ಓದಿದರೂ ತಲೆಗೆ ಹೋಗಿರಲಿಲ್ಲ. ಕವಾಟ ತೆರೆದು ಮುಚ್ಚೋದನ್ನು ಪರದೆ ಮೇಲೆ ನೋಡಿ ಬಂದು ಊಟದ ತಟ್ಟೆ ಮುಂದೆ ಕೈ ಆಡಿಸಿ ನಮಗೇ ಪಾಠ ಮಾಡಿದಳು. ಹಳ್ಳಿ ಮಕ್ಕಳಿಗೆ ಬೇಡ ಅನ್ನೋಕೆ ನಾವ್ಯಾರು?

ಆದರೆ ಅದನ್ನು ಹೇಗೆ ಹಾಕ್ತಾರೆ ಅನ್ನೋದೇ ಸಮಸ್ಯೆ. ಒಂದು ಶಾಲೆಗೆ ರಿಪೇರಿಗೆ ಹೋಗಿದ್ದೆ. ಬೋರ್ಡಿನ ಎದುರಿಗೇ ಕಿಟಕಿ, ಹಗಲಲ್ಲಿ ಪರದೆ ಮೇಲೆ ನಮ್ಮ ಮುಖವೇ ಕಾಣುತ್ತೆ. ಬ್ಯಾಟರಿ ಬಿಸಿಲು ಬೀಳೋ ಮೂಲೆಯಲ್ಲಿ, ಒಂದೇ ವರ್ಷಕ್ಕೆ ಊದಿಕೊಂಡಿತ್ತು. ಅರ್ಥಿಂಗ್ ನೋಡಿದರೆ ಗುಂಡಿ ಬಣಗುಟ್ಟುತ್ತಿದೆ. ಒಣ ಮಣ್ಣಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡಲ್ಲ. ನಿಮ್ಮೂರ ಮಣ್ಣಿಗೆ ಒಂದು ಉಪಾಯ ಹೇಳ್ತೀನಿ. ಅರ್ಥ್ ಗುಂಡಿಯನ್ನು ಕೈ ತೊಳೆಯೋ ನೀರು ಹರಿದುಹೋಗೋ ಜಾಗದ ಪಕ್ಕ ತೋಡಿಸಿ. ದಿನಾ ತಾನಾಗೇ ತೇವ ಆಗುತ್ತೆ.

ಈಗಲೇ ಬೋರ್ಡ್ ತಗೋಬೇಡಿ. ಗೋಡೆಯೊಳಗೆ ಪೈಪು ಹಾಕಿಸಿ, ಪಾಯಿಂಟ್ ಬಿಡಿಸಿ, ಬ್ಯಾಟರಿಗೆ ನೆರಳಲ್ಲಿ ಗೂಡು ಬಿಡಿಸಿ. ದುಡ್ಡು ಉಳಿದರೆ ಮುಂದಿನ ವರ್ಷ ತಗೊಳ್ಳಿ. ಅಂಗಡಿಯವನಾಗಿ ಹೇಳ್ತಿದೀನಿ, ನೆನಪಿಡಿ. ಸರ್ಕಾರಿ ಶಾಲೆಗಳಿಗೆ ಕರೆಂಟ್ ಉಚಿತ ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಹೇಳಿದರಲ್ಲ, ಬಿಲ್ಲಿನ ಚಿಂತೆ ಹೋಯಿತು. ಬೇಸಿಗೆಯಲ್ಲಿ ಕರೆಂಟ್ ಇರುತ್ತಾ ಅನ್ನೋದು ಬೇರೆ ಪ್ರಶ್ನೆ.

ಟ್ರೈಸಿಕಲ್_ಅಪ್ಪ:
ನನ್ನದು ಚಿಕ್ಕ ಮಾತು. ಮಗ ಮೂರು ಚಕ್ರದ ಗಾಡಿಯಲ್ಲಿ ಓಡಾಡುತ್ತಾನೆ. ರ‍್ಯಾಂಪ್ ಇದೆ ಅಂತ ಎಲ್ಲಾ ಶಾಲೆಯವರೂ ತೋರಿಸುತ್ತಾರೆ. ಜಾರುಬಂಡೆ ಥರ ಇರುತ್ತೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನೋದು ನಿಯಮ. ನಿಮ್ಮ ಪಾಯ ನೆಲದಿಂದ ಒಂದೂವರೆ ಅಡಿ ಎತ್ತರ ಇದ್ದರೆ 18 ಅಡಿ ರ‍್ಯಾಂಪ್ ಬೇಕು. ವರಾಂಡದ ಉದ್ದಕ್ಕೇ ಅದನ್ನು ಹಾಯಿಸಿದರೆ ಜಾಗ ಸಿಗುತ್ತೆ. ಶೌಚಾಲಯಕ್ಕೂ ಅದೇ ಮಟ್ಟದಲ್ಲಿ ದಾರಿ ಇರಲಿ. ತರಗತಿವರೆಗೆ ಹೋಗಿ ಅಲ್ಲಿಂದ ಅವನನ್ನು ಯಾರೋ ಎತ್ತಿಕೊಂಡು ಹೋಗಬೇಕು ಅಂದರೆ ಅವನಿಗೆ ನಾಚಿಕೆ. ಈಗ 11 ವರ್ಷ.

ದಾವಣಗೆರೆ_ಮಂಡಕ್ಕಿ:
ಟೀಚರ್ ಮಾತು ಎರಡೆರಡು ಸಲ ಕೇಳುತ್ತೆ ಅಂದರಲ್ಲ, ಅದಕ್ಕೆ ಮೊಟ್ಟೆ ಟ್ರೇ ಅಂಟಿಸಿ. ಬಿಸಿಯೂಟಕ್ಕೆ ಬಂದ ಮೊಟ್ಟೆ ಟ್ರೇ ರಾಶಿ ಬಿದ್ದಿರುತ್ತೆ. ಯೂಟ್ಯೂಬಲ್ಲಿ ನೋಡಿದ್ದೀನಿ.

ರಿಟೈರ್ಡ್_ಎಂಜಿನಿಯರ್:
ದಯವಿಟ್ಟು ಬೇಡ. ಆ ಟ್ರೇ ಅಷ್ಟು ತೆಳ್ಳಗಿರುವುದರಿಂದ ಮಾತಿನ ದನಿಗೆ ಅದು ಹೆಚ್ಚೇನೂ ಮಾಡಲ್ಲ. ಬೆಂಕಿ ಮಾತ್ರ ಚೆನ್ನಾಗಿ ಹಿಡಿಯುತ್ತದೆ. 2004ರ ಜುಲೈನಲ್ಲಿ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಕೋಣೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಇಳಿಯೋಕೆ ಸರಿಯಾದ ದಾರಿ ಇರಲಿಲ್ಲ. ಅದಾದ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಸುರಕ್ಷತೆ ಬಗ್ಗೆ ಆದೇಶವನ್ನೇ ಕೊಟ್ಟಿತು. ಅಡುಗೆ ಕೋಣೆ ತರಗತಿಗಳಿಂದ ದೂರ ಇರಲಿ. ಪ್ರತಿ ಕೊಠಡಿಗೂ ಎರಡು ಬಾಗಿಲು, ಎರಡೂ ಹೊರಕ್ಕೆ ತೆರೆಯಬೇಕು. ಕಿಟಕಿಯ ಗ್ರಿಲ್ಲಿನಲ್ಲಿ ಒಂದಾದರೂ ಒಳಗಿನಿಂದ ತೆಗೆಯೋಕೆ ಬರಬೇಕು.

ದನಿಗೆ ಬೇರೆ ದಾರಿ ಇದೆ. ಪಶ್ಚಿಮದ ಖಾಲಿ ಗೋಡೆಗೆ ಮಕ್ಕಳ ಚಿತ್ರ ಅಂಟಿಸುವ ದಪ್ಪ ಸಾಫ್ಟ್‌ಬೋರ್ಡ್ ಹಾಕಿ. ನೆಲಕ್ಕೆ ಚಾಪೆ. ಹೆಂಚಿನ ತಾರಸಿಯ ಏರುತಗ್ಗಿಗೂ ಸ್ವಲ್ಪ ಚದುರುತ್ತದೆ. ಸಾಕು.

ಶೇಂಗಾ_ಹೊಲ:
ಕೆಲವು ತಿಂಗಳೇ ಆಯಿತು, ಈಗ ಬರೆಯೋಕೆ ಪುರುಸೊತ್ತಾಯಿತು. ಇಲ್ಲಿನ ಮಾತುಗಳನ್ನೆಲ್ಲ ಪ್ರಿಂಟ್ ತೆಗೆದು ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿದೆ. ಬಿಎಸ್ಸಿ ಹುಡುಗಿ ಬರೆದದ್ದನ್ನು ನನಗೆ ಓದೋಕೆ ಆಗಲಿಲ್ಲ, ಅಂಗನವಾಡಿ ಅಕ್ಕ ಓದಿದರು. ಗಂಡಸರೆಲ್ಲ ನೆಲ ನೋಡುತ್ತಿದ್ದರು.

ಗಾಜಿನ ಮುಂಭಾಗ ಹೋಯಿತು. ಕಂಟ್ರಾಕ್ಟರೂ ಹೋದರು. ಸ್ಮಾರ್ಟ್ ಬೋರ್ಡಿನ ದುಡ್ಡು ಶೌಚಾಲಯಕ್ಕೂ ಸಂಪಿಗೂ. ದುಬೈನಲ್ಲಿರುವ ನಮ್ಮ ಗೆಳೆಯನಿಗೆ ಬೇಜಾರಾಗಿದೆ. ಉದ್ಘಾಟನೆ ಫೋಟೋದಲ್ಲಿ ಸಂಪು ಕಾಣಲ್ಲ ಅಲ್ವಾ ಅಂದ. ಅವನ ಹೆಸರನ್ನು ಸಂಪಿನ ಮುಚ್ಚಳದ ಮೇಲೆ ಬರೆಸುತ್ತೇವೆ ಅಂತ ಹೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ದಾವಣಗೆರೆಯ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಹೆಂಚಿನ ತಾರಸಿಗೆ ಲೆಕ್ಕ ಹಾಕಿಕೊಟ್ಟರು. ಹೆಂಚು ಇಳಿಸುವ ದಿನ ಹಳೇ ವಿದ್ಯಾರ್ಥಿಗಳೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು. ಒಡೆದದ್ದು ಬಿಟ್ಟು 1,140 ಉಳಿದಿವೆ. ಒಂದು ಹೆಂಚಿನ ಹಿಂದೆ ಇದ್ದಿಲಿನಲ್ಲಿ ಯಾರೋ ಮೂರರ ಮಗ್ಗಿ ಬರೆದಿದ್ದರು, ಮೂರೇಳಲಿಗೆ ಇಪ್ಪತ್ತನಾಲ್ಕು ಅಂತ. ಅದನ್ನು ಮೋಲ್ಡಿಗೆ ಹಾಕಲ್ಲ, ಎತ್ತಿಟ್ಟಿದ್ದೇವೆ.

ನಲ್ಲಿಯ ಎತ್ತರಕ್ಕೆ ಜಗಳ ಆಯಿತು. ಕೊನೆಗೆ ನಮ್ಮ ಶಾಲೆಯ ಟೀಚರ್ ಒಂದನೇ ತರಗತಿಯ ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಕೈ ಚಾಚಿ ಅಂತ ಹೇಳಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಮೂರು ನಲ್ಲಿ ಆ ಗೆರೆಗೆ. ಮೂರು ದೊಡ್ಡವರಿಗೆ. ಎಲ್ಲಾ ಪ್ಲಾಸ್ಟಿಕ್, ಮೇಷ್ಟ್ರೇ. ನೀರು ಹರಿದುಹೋಗುವ ಕಡೆ ಅರ್ಥ್ ಗುಂಡಿ, ಅದರಾಚೆ ನುಗ್ಗೆ ಗಿಡ.

ಭಾನುವಾರದ ಬಾಟಲಿ ಪಾರ್ಟಿಗೆ ಇನ್ನೂ ಉಪಾಯ ಹೊಳೆದಿಲ್ಲ. ಸದ್ಯಕ್ಕೆ ಹಳೇ ವಿದ್ಯಾರ್ಥಿಗಳು ಇಬ್ಬಿಬ್ಬರು ಸರದಿ ಮೇಲೆ ಸಂಜೆ ಅಲ್ಲೇ ವಾಲಿಬಾಲ್ ಆಡುತ್ತೇವೆ ಅಂತ ಮಾತಾಗಿದೆ. ಎಷ್ಟು ದಿನ ನಡೆಯುತ್ತೋ ನೋಡೋಣ. ಹುಡುಗಿಯರ ಶೌಚಾಲಯಕ್ಕೆ ಶಾಲೆಯ ಹೊತ್ತಲ್ಲಿ ಬೀಗ ಇಲ್ಲ. ಸಂಜೆ ಹಾಕಿದ ಬೀಗದ ಕೈ ಅಡುಗೆ ಮಾಡುವ ಅಕ್ಕನ ಸೊಂಟದಲ್ಲಿ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬರುವವರು ಅವರೇ.

ಗಾರೆ_ಮೇಸ್ತ್ರಿ:
ಅಣ್ಣ, ಸೋಮವಾರ ಮೋಲ್ಡ್ ಅಲ್ವಾ? ಭಾನುವಾರ ರಾತ್ರಿಯೇ ಹೆಂಚು ನೆನೆ ಹಾಕಿಸಿಬಿಡಿ. ಡ್ರಮ್ ನಾಲ್ಕು ನಾನು ತರ್ತೀನಿ.

ಬಿಎಸ್ಸಿ_ಎರಡನೇ_ವರ್ಷ:
ಒಳಗಿನ ಚಿಲಕ ಯಾರು ತರುತ್ತಿದ್ದಾರೆ?

ವೈರ್_ಮತ್ತು_ಬಲ್ಬ್:
ನಾನಮ್ಮ. ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ತಂದು ಬ್ಯಾಗಲ್ಲಿ ಇಟ್ಟಾಗಿದೆ. ಒಂದು ಜೊತೆ ಜಾಸ್ತಿನೇ ಇದೆ.